ಜ್ವರ ಬಾರದವರ ಪಟ್ಟಿ

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ವಾಸನೆ ಎಂದರೆ ಸುಶೀಲವ್ವನಿಗೆ ದೊಡ್ಡವ್ವನ ವಾಸನೆ. ತಾಯಿ ತೀರಿಕೊಂಡಾಗ ಅವಳಿಗೆ ಐದು ವರ್ಷ. ದುಮ್ಮವಾಡದ ದೊಡ್ಡವ್ವನ ಮನೆಗೆ ಬಂದ ಮೊದಲ ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಕೊಡ ಬೆಳಗುತ್ತಿದ್ದ ದೊಡ್ಡವ್ವ ಕಸ್ತೂರೆವ್ವ ಹುಳಿ ಹತ್ತಿದ ಕೈಯಿಂದಲೇ ಅವಳನ್ನು ಸೆಳೆದು ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಆಮೇಲೆ ಆ ಕೊಡದಿಂದಲೇ ಒಂದು ಲೋಟ ನೀರು ಕುಡಿಸಿದ್ದಳು. ಅಷ್ಟು ತಣ್ಣಗಿನ, ಅಷ್ಟು ರುಚಿಯಾದ ನೀರನ್ನು ಸುಶೀಲವ್ವ ಮತ್ತೆಲ್ಲೂ ಕುಡಿದಿರಲಿಲ್ಲ.

ಇಪ್ಪತ್ತೆರಡು ವರ್ಷ ಕಳೆದ ಮೇಲೂ ಅದೇ ವಾಸನೆ ದಿನಾ ಬೆಳಿಗ್ಗೆ ಅವಳಿಗೆ ಎದುರಾಗುತ್ತಿತ್ತು. ಕುಂದಗೋಳದ ಹೊರಗೆ, ರೈಲ್ವೆ ಹಳಿಯ ಆಚೆಗಿದ್ದ ಧರ್ಮಾರ್ಥ ದವಾಖಾನೆಯಲ್ಲಿ ಕಸ್ತೂರೆವ್ವ ಅಡುಗೆಮನೆಯ ಹಿರಿಯಳು. ಸುಶೀಲವ್ವ ಅಲ್ಲಿಯೇ ದಾಖಲೆ ಬರೆಯುವ ಗುಮಾಸ್ತೆ. ಪಡಸಾಲೆಯ ಮೂಲೆಯಲ್ಲಿ ಕಲ್ಲಿನ ಕಟ್ಟೆಯ ಮೇಲೆ ದೊಡ್ಡ ತಾಮ್ರದ ಹಂಡೆ. ಲಿಂಗಪೂಜೆ ಮುಗಿಸಿ ಬಂದ ಕಸ್ತೂರೆವ್ವ ಅದನ್ನು ತಾನೇ ಬೆಳಗಿ, ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದಳು. ಯಾವ ಹಾಸಿಗೆಯ ಮುದುಕನಿಗೆ ಹಲ್ಲಿಲ್ಲ, ಯಾರಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು, ಯಾವ ಬಾಣಂತಿ ಖಾರವಿಲ್ಲದ ಸಾರು ಕೇಳಲು ನಾಚುತ್ತಾಳೆ ಎಂಬುದೆಲ್ಲ ಅವಳಿಗೆ ಯಾರೂ ಹೇಳದೆಯೇ ಗೊತ್ತಾಗುತ್ತಿತ್ತು. ರೋಗಿಗಳು ಮನೆಗೆ ಹೋಗುವಾಗ ಡಾಕ್ಟರಿಗೆ ಕೈಮುಗಿದು, ಅವಳ ಕಾಲು ಮುಟ್ಟಿ ಹೋಗುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೆಂಟರ ಆ ಮಳೆಗಾಲದಲ್ಲಿ ದವಾಖಾನೆಗೆ ಎರಡು ಹೊಸ ಸಂಗತಿಗಳು ಬಂದವು. ಒಂದು ಕಂಪ್ಯೂಟರ್, ಇನ್ನೊಂದು ಜ್ವರ.

ಕಂಪ್ಯೂಟರನ್ನು ಮುಂಬಯಿಯಲ್ಲಿದ್ದ ದಾನಿಯೊಬ್ಬರು ಕಳಿಸಿದ್ದರು. ಔಷಧಿ ಇಡುವ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೆಂದು ನಿಯಮ ಮಾಡಿದರು. ಮೊದಲ ದಿನ ಕಸ್ತೂರೆವ್ವ ಬಂದು ಅದಕ್ಕೆ ವಿಭೂತಿ ಹಚ್ಚಿ, ಹೊಸ್ತಿಲಲ್ಲಿ ಕಾಯಿ ಒಡೆದಿದ್ದಳು. ಮೂವತ್ತರ ಹರೆಯದ ಡಾಕ್ಟರ್ ಅಮೋಘಸಿದ್ದಪ್ಪ ಗೆಳೆಯ ಎಂಜಿನಿಯರ್ ಒಬ್ಬರ ಜೊತೆ ಕೂತು ಒಂದು ಪ್ರೋಗ್ರಾಮು ಬರೆಸಿದ್ದರು. ದವಾಖಾನೆಯಲ್ಲಿ ಯಾರಿಗೆ ಯಾವ ಅಂಟುರೋಗ ಬಂತು, ರೋಗಿಗೋ ನೌಕರರಿಗೋ, ಯಾವ ಹಾಸಿಗೆ, ಯಾವ ದಿನ, ಅವರ ಆರೈಕೆ ಮಾಡಿದವರು ಯಾರು, ಉಂಡಿದ್ದೇನು, ಕುಡಿದಿದ್ದೇನು, ಎಲ್ಲವನ್ನೂ ತುಂಬಿದರೆ ರೋಗದ ದಾರಿ ಹುಡುಕಿ ತೋರಿಸುವ ಪ್ರೋಗ್ರಾಮು ಅದು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದ ಸುಶೀಲವ್ವನಿಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡುವುದನ್ನು ನೋಡುವಾಗಲೆಲ್ಲ ಮುಂದಿನ ಕೀಲಿ ಒತ್ತುವುದೇ ಮರೆತುಹೋಗುತ್ತಿತ್ತು.

ಜ್ವರ ಬಂದದ್ದು ಯಾರಿಗೂ ಮೊದಲು ಗೊತ್ತಾಗಲಿಲ್ಲ. ಕಾಲು ಮುರಿದು ಬಂದವನಿಗೆ ಜ್ವರ, ಹೆರಿಗೆಗೆ ಬಂದವಳಿಗೆ ಜ್ವರ. ಆಮೇಲೆ ನರ್ಸ್ ಶಹನಾಜ ಮಲಗಿದಳು, ಕಂಪೌಂಡರ್ ಮಲಗಿದ. ಹದಿಮೂರು ಜನ ಆದರು. ಹುಬ್ಬಳ್ಳಿಗೆ ಕಳಿಸಿದ ರಕ್ತದಲ್ಲಿ ವಿಷಮಶೀತ ಜ್ವರ ಎಂದು ಬಂತು.

ಕಾರಣ ಎಲ್ಲರ ಬಾಯಲ್ಲೂ ಸಿದ್ಧವಾಗಿತ್ತು: ಸಣ್ಣವ್ವ. ಹನ್ನೆರಡು ವರ್ಷದಿಂದ ರೋಗಿಗಳ ಮಲಮೂತ್ರ ಎತ್ತಿ, ಹಾಸಿಗೆ ಒಗೆದು, ಹೆಣಕ್ಕೂ ಸ್ನಾನ ಮಾಡಿಸಿದ ದಿನಗೂಲಿ ಆಯಾ. ಜೂನಿನ ಮಿರ್ಗದ ಮಳೆಯ ಹೊತ್ತಿಗೆ ಅವಳ ಮೊಮ್ಮಗಳಿಗೆ ನಾಲ್ಕು ದಿನ ಜ್ವರ ಬಂದಿತ್ತೆಂದು ಯಾರೋ ನೆನಪು ಮಾಡಿಕೊಂಡರು. ಅಷ್ಟೇ ಸಾಕಾಯಿತು. ಅವಳನ್ನು ವಾರ್ಡಿನೊಳಗೆ ಬಿಡಬಾರದೆಂದು ಟ್ರಸ್ಟಿನ ಕಾರ್ಯದರ್ಶಿ ಶಂಭುಲಿಂಗಪ್ಪ ಹೇಳಿದರು. ಸಣ್ಣವ್ವ ದಿನಾ ಎಂದಿನ ಹೊತ್ತಿಗೆ ಬಂದು ಬೇವಿನ ಮರದ ಕೆಳಗೆ ಕೂತು, ಕಿಟಕಿಯಿಂದ ಎಸೆದ ಚಾದರಗಳನ್ನು ಒಗೆದು ಒಣಗಿಸಿ ಹೋಗುತ್ತಿದ್ದಳು.

ಡಾಕ್ಟರು ಅವಳ ಪರವಾಗಿ ಮಾತಾಡಿದಾಗ ಶಂಭುಲಿಂಗಪ್ಪ ಸಿಟ್ಟಾಗಲಿಲ್ಲ. ಅವರು ಕೆಟ್ಟವರೂ ಅಲ್ಲ. ದವಾಖಾನೆಯ ಛಾವಣಿ ಸೋರಿದಾಗ ತಾವೇ ಏಣಿ ಹತ್ತಿದ್ದವರು.

"ಡಾಕ್ಟರ್ರ, ಆಕಿ ಏನ್ ನನ್ನ ವೈರಿ ಏನ್ರಿ? ಮಂದಿ ಇಲ್ಲಿ ಬರಾಕ ಅಂಜಾಕತ್ತಾರ. ಆಕಿ ಕೈಯಿಂದ ಬರತೈತಿ ಅಂತ ಊರ ತುಂಬ ಮಾತು. ಸೋಮವಾರ ಕಮಿಟಿ ಐತಿ. ಅಲ್ಲೀಮಟಾ ನಿಮ್ಮ ಮಶಿನ್ ಬ್ಯಾರೆ ಏನರ ಹೇಳಿದ್ರ ಕೇಳತೇನಿ. ಇಲ್ಲಂದ್ರ ಆಕಿನ್ನ ಕೆಲಸದಿಂದ ಬಿಡಸೂದ."

ಅಂದು ಗುರುವಾರ.

ಸುಶೀಲವ್ವ ಆ ಮಧ್ಯಾಹ್ನವೇ ಹದಿಮೂರು ಜನರ ವಿವರ ತುಂಬಿದಳು. ಪರದೆ ಒಂದು ಕ್ಷಣ ಖಾಲಿಯಾಗಿ, ಉತ್ತರ ಮೂಡಿತು. ಹದಿಮೂರೂ ಜನ ಅನ್ನ ಉಂಡಿದ್ದರು. ಹದಿಮೂರೂ ಜನ ನೀರು ಕುಡಿದಿದ್ದರು. ಹದಿಮೂರೂ ಜನ ಒಂದೇ ಛಾವಣಿಯ ಕೆಳಗೆ ಇದ್ದವರು. ಅಷ್ಟನ್ನು ಹೇಳಲು ಮುಂಬಯಿಯಿಂದ ಯಂತ್ರ ತರಬೇಕಿರಲಿಲ್ಲ.

ಡಾಕ್ಟರು ಪರದೆಯನ್ನು ನೋಡುತ್ತ ಗಲ್ಲ ಕೆರೆದುಕೊಂಡರು. ಪರದೆಯಲ್ಲಿ ಎರಡು ಸಾಲುಗಳಿದ್ದವು. ಜ್ವರ ಬಂದವರ ಸಾಲು ತುಂಬಿತ್ತು, ಬಾರದವರ ಸಾಲು ಖಾಲಿಯಿತ್ತು.

"ತಂಗಿ, ಇಲ್ಲೇ ತಪ್ಪೇತಿ ನೋಡು," ಎಂದರು. "ಜ್ವರ ಬಂದವರನ್ನಷ್ಟ ಕೇಳೇವಿ. ಆರಾಮ ಇದ್ದವರು ಏನ್ ಮಾಡಿದ್ರು ಅಂತ ಗೊತ್ತಾಗದ ಇದು ಹೆಂಗ ಹೇಳಬೇಕು?"

ಸುಶೀಲವ್ವ ನೌಕರರ ಯಾದಿ ತೆಗೆದಳು. ಹನ್ನೊಂದು ಹೆಸರು. ನರ್ಸುಗಳು, ಕಂಪೌಂಡರ್, ವ್ಯಾನ್ ಓಡಿಸುವ ಮೀರಾಸಾಬ, ಅಡುಗೆಮನೆಯವರು. ಬೆರಳಿಟ್ಟು ಎಣಿಸುತ್ತ ಹೋದವಳು ಕೊನೆಯಲ್ಲಿ ನಿಂತಳು. ಸಣ್ಣವ್ವನ ಹೆಸರು ಅದರಲ್ಲಿರಲಿಲ್ಲ. ಗಟಾರ ಬಳಿಯುವ ಗುಡದಪ್ಪನದೂ ಇರಲಿಲ್ಲ. ದಿನಗೂಲಿಯ ಒಂಬತ್ತು ಜನರಲ್ಲಿ ಒಬ್ಬರೂ ಇರಲಿಲ್ಲ. ಯಾದಿ ಮಾಡಿದವಳು ತಾನೇ. ಅವರನ್ನು ಬೇಕೆಂದು ಬಿಟ್ಟಿರಲಿಲ್ಲ, ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ವಹಿ ಹಿಡಿದು ಬೇವಿನ ಮರದ ಕಡೆ ನಡೆದಳು.

ಸಣ್ಣವ್ವ ಚಾದರ ಹಿಂಡುತ್ತಿದ್ದಳು. ಗುಡದಪ್ಪ ಇನ್ನೊಂದು ತುದಿ ಹಿಡಿದು ತಿರುವುತ್ತಿದ್ದ. ಕಂಪ್ಯೂಟರಿಗೆ ಹೆಸರು ಬರೆದುಕೊಳ್ಳಬೇಕೆಂದಾಗ ಸಣ್ಣವ್ವ ತಲೆ ಎತ್ತಲಿಲ್ಲ.

"ನನ್ನ ಹೆಸರು ಅದರಾಗ ಆಗಲೇ ಐತೆಲ್ರಿ ಅಕ್ಕಾರ. ಜ್ವರ ಹಚ್ಚಿದಾಕಿ ಅಂತ."

"ಜ್ವರ ಬಾರದಾಕಿ ಅಂತ ಇಲ್ಲ, ಸಣ್ಣವ್ವ. ಅದನ್ನ ಬರ್ಕೊಳ್ಳಾಕ ಬಂದೇನಿ."

ಸಣ್ಣವ್ವನ ಕೈ ನಿಂತಿತು. ಗುಡದಪ್ಪ ಮಾತ್ರ ನಕ್ಕುಬಿಟ್ಟ. "ಹನ್ನೆರಡು ವರ್ಷ ಮಸ್ಟರ್‌ನ್ಯಾಗ ಏರಲಿಲ್ಲ ನಮ್ಮ ಹೆಸರು, ಈಗ ಇಂಗ್ರೇಜಿ ಮಶಿನ್‌ನ್ಯಾಗ ಏರಾಕತ್ತೈತಿ. ನಂದು ಅಡ್ಡಹೆಸರು ಸೈತ ಬರೀರಿ ಅಕ್ಕಾರ, ಬ್ಯಾರೆ ಗುಡದಪ್ಪ ಬಂದು ನಂದು ಅಂದಾನು."

ಅವರಿಬ್ಬರಿಗೂ ಜ್ವರ ಬಂದಿರಲಿಲ್ಲ. ಉಳಿದ ಏಳು ಜನರಿಗೂ ಬಂದಿರಲಿಲ್ಲ. ಸುಶೀಲವ್ವ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಕುಡಿಯುವ ನೀರು ಎಲ್ಲಿಯದು ಎಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದನ್ನೇನ್ ಕೇಳತೀರಿ," ಎಂದಳು ಸಣ್ಣವ್ವ. "ಹಿಂದಿನ ಬೋರಿಂದು. ಹಂಡೇದು ನಮಗ ಯಾರ್ ಕೊಡತಾರ?"

ಸುಶೀಲವ್ವನಿಗೆ ಅದು ಗೊತ್ತಿತ್ತು. ದಿನಾ ನೋಡುತ್ತಿದ್ದ ಸಂಗತಿ. ಆದರೂ ವಹಿಯಲ್ಲಿ ಬರೆಯುವಾಗ ಪೆನ್ನು ಭಾರವೆನಿಸಿತು.

ಆಗ ಗುಡದಪ್ಪ ಕಾರಹುಣ್ಣಿಮೆಯ ಮಾತು ತೆಗೆದ. ಅದಕ್ಕೆ ಮೊದಲು ಹಂಡೆಗೆ ಒಂದು ಹಿತ್ತಾಳೆಯ ನಳವಿತ್ತು. ಹುಣ್ಣಿಮೆಯ ಮರುದಿನ, ಬಿಸಿಲಲ್ಲಿ ಗಟಾರ ಬಳಿದು ಬಂದವನು ಯಾರೂ ಇಲ್ಲವೆಂದು ನಳ ತಿರುಗಿಸಿ ಒಂದು ಬೊಗಸೆ ಕುಡಿದಿದ್ದ. ಕಸ್ತೂರೆವ್ವ ನೋಡಿದಳು. ಬೈಯಲಿಲ್ಲ. ಒಂದು ಲೋಟ ಮಜ್ಜಿಗೆ ತಂದು ಮೇಲಿನಿಂದ ಅವನ ಬೊಗಸೆಗೆ ಸುರಿದಳು. ಆಮೇಲೆ ಹಂಡೆಯನ್ನು ಮೂರು ಸಲ ಬೆಳಗಿ, ನಳಕ್ಕೆ ಕಟ್ಟಿಗೆಯ ಬೆಣೆ ಬಡಿಸಿದಳು. ಅಂದಿನಿಂದ ಯಾರಿಗೆ ನೀರು ಬೇಕಾದರೂ ಅವಳೇ ತಂಬಿಗೆ ಅದ್ದಿ ಕೊಡಬೇಕು. ಬೇರೆ ಯಾರ ಕೈಯೂ ಹಂಡೆಗೆ ತಾಗುವಂತಿರಲಿಲ್ಲ.

ಸಣ್ಣವ್ವ ಅಷ್ಟು ಕೇಳಿ, "ಅವ್ವಾರು ಕೆಟ್ಟವರಲ್ರಿ," ಎಂದಳು. "ದಿನಾ ನನ್ನ ಸೆರಗಿನ್ಯಾಗ ಬಿಸಿ ರೊಟ್ಟಿ ಹಾಕತಿದ್ರು. ಮ್ಯಾಲಿಂದ ಹಾಕತಿದ್ರು, ಆದ್ರ ಬಿಸೀದ ಹಾಕತಿದ್ರು."

ಶುಕ್ರವಾರ ಇಡೀ ದಿನ ಸುಶೀಲವ್ವ ಓಡಾಡಿದಳು. ವಾರ್ಡಿನ ಪ್ರತಿ ಹಾಸಿಗೆ, ಮನೆಗೆ ಹೋದ ರೋಗಿಗಳ ಊರು. ಮೀರಾಸಾಬ ಕೇಳದೆಯೇ ವ್ಯಾನು ಹೊರಗೆ ತೆಗೆದ, ಹಿಂದಿನ ಸೀಟಿನ ಮೇಲೆ ಅವಳಿಗಾಗಿ ತನ್ನ ಟವೆಲ್ಲು ಹಾಸಿಟ್ಟಿದ್ದ. ಜ್ವರದಲ್ಲಿ ಮಲಗಿದ್ದ ಶಹನಾಜ ಕಿಟಕಿಯ ಒಳಗಿನಿಂದಲೇ ಉತ್ತರ ಕೊಟ್ಟಳು. ಹೊರಡುವಾಗ, ಸಣ್ಣವ್ವ ತನ್ನ ಹತ್ತಿರ ಒಮ್ಮೆಯೂ ಬಂದಿರಲಿಲ್ಲವೆಂದು ಎರಡೆರಡು ಸಲ ಬರೆದುಕೊಳ್ಳುವಂತೆ ಹೇಳಿದಳು.

ಶನಿವಾರ ಹತ್ತಕ್ಕೆ ವಹಿಯಲ್ಲಿ ನಲವತ್ತೆಂಟು ಹೆಸರುಗಳಿದ್ದವು. ಅಂದು ವಿದ್ಯುತ್ತು ಇರುವುದು ಮಧ್ಯಾಹ್ನ ಒಂದರವರೆಗೆ ಮಾತ್ರ ಎಂದು ಗೊತ್ತಿತ್ತು. ಸುಶೀಲವ್ವ ತುಂಬುತ್ತ ಹೋದಳು, ಡಾಕ್ಟರು ಓದಿ ಹೇಳುತ್ತ ಹೋದರು. ಹೊರಗೆ ರೋಗಿಗಳು ಕಾಯುತ್ತಿದ್ದಾರೆಂದು ನರ್ಸು ಬಂದಾಗ ಡಾಕ್ಟರು ಎದ್ದು ಓಡಿ, ನಾಲ್ವರನ್ನು ನೋಡಿ, ಮತ್ತೆ ಓಡಿ ಬಂದರು. ಹನ್ನೆರಡೂವರೆಗೆ ಕೊನೆಯ ಹೆಸರು ಮುಗಿಯಿತು. ಕೊನೆಯ ಹೆಸರು ಗುಡದಪ್ಪನದು, ಅಡ್ಡಹೆಸರು ಸಹಿತ.

ಪ್ರಿಂಟರು ಕಿರಗುಟ್ಟುತ್ತ ಮೊದಲ ಸಾಲು ಬರೆಯಿತು. ಸಣ್ಣವ್ವ ಮುಟ್ಟಿದವರು ಇಪ್ಪತ್ತನಾಲ್ಕು, ಜ್ವರ ಆರು. ಮುಟ್ಟದವರು ಇಪ್ಪತ್ತನಾಲ್ಕು, ಜ್ವರ ಏಳು.

"ನೋಡು," ಎಂದರು ಡಾಕ್ಟರು. "ನೋಡು ತಂಗಿ. ಆಕಿ ಮುಟ್ಟಿದ್ರೂ ಅಷ್ಟ, ಮುಟ್ಟದಿದ್ರೂ ಅಷ್ಟ."

ಎರಡನೆಯ ಸಾಲು ಅರ್ಧ ಬರುವಷ್ಟರಲ್ಲಿ ಲೈಟು ಹೋಯಿತು. ಪರದೆ ಕಪ್ಪಾಯಿತು. ಹಂಡೆಯ ನೀರು ಕುಡಿದವರು ಎಂಬುದಷ್ಟೇ ಕಾಗದದ ಮೇಲಿತ್ತು, ಅಂಕಿ ಇರಲಿಲ್ಲ.

ಫ್ಲಾಪಿಯಲ್ಲಿ ಎಲ್ಲವೂ ಉಳಿದಿದೆಯೆಂದು ಗೊತ್ತಿದ್ದರೂ ಸುಶೀಲವ್ವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೂರು ತಾಸು ಅವಳು ಪಡಸಾಲೆಯಲ್ಲಿ ಆಚೆ ಈಚೆ ಅಡ್ಡಾಡಿದಳು. ಸುದ್ದಿ ಹೇಗೋ ಹರಡಿ, ನಡೆಯಬಲ್ಲ ರೋಗಿಗಳೆಲ್ಲ ಕೋಣೆಯ ಮುಂದೆ ಬಂದು ಕೂತರು. ಸಣ್ಣವ್ವ ಮಾತ್ರ ಮರದ ಕೆಳಗಿನಿಂದ ಏಳಲಿಲ್ಲ. ಕಸ್ತೂರೆವ್ವ ಒಬ್ಬೊಬ್ಬರಿಗೂ ಹಂಡೆಯಿಂದ ನೀರು ಕೊಡುತ್ತಿದ್ದಳು. ಹಿಡಿಯಿಲ್ಲದ ತಂಬಿಗೆ. ನೀರು ಕೆಳಗಿಳಿದಂತೆ ಅವಳ ಕೈ ಮಣಿಕಟ್ಟಿನವರೆಗೆ, ಆಮೇಲೆ ಮೊಣಕೈವರೆಗೆ ಒಳಗೆ ಹೋಗುತ್ತಿತ್ತು. ಸುಶೀಲವ್ವನಿಗೂ ಒಂದು ಲೋಟ ಬಂತು. ಅವಳು ಅದನ್ನು ಹಿಡಿದುಕೊಂಡೇ ನಿಂತಳು, ಕುಡಿಯಲಿಲ್ಲ. ಯಾಕೆಂದು ಅವಳಿಗೇ ಆಗ ಗೊತ್ತಿರಲಿಲ್ಲ.

ನಾಲ್ಕಕ್ಕೆ ಲೈಟು ಬಂತು. ಅಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಪ್ರಿಂಟರು ಮತ್ತೆ ಕಿರಗುಟ್ಟಿತು.

ಹಂಡೆಯ ನೀರು ಕುಡಿದವರು ಮೂವತ್ತೊಂದು, ಜ್ವರ ಹದಿಮೂರು. ಕುಡಿಯದವರು ಹದಿನೇಳು, ಜ್ವರ ಸೊನ್ನೆ.

ಡಾಕ್ಟರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವರು ಕಾಗದ ಹರಿದುಕೊಂಡು ಬಾಗಿಲಿಗೆ ಹೋಗಿ ಶಂಭುಲಿಂಗಪ್ಪನವರನ್ನು ಕರೆಸಿದರು. ಕಾರ್ಯದರ್ಶಿಗಳು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದದ್ದನ್ನು ಯಾರೂ ಗಮನಿಸಲಿಲ್ಲ. ಆ ಹದಿನೇಳು ಜನ ಯಾರೆಂದು ಅವರು ಓದಿದರು. ದಿನಗೂಲಿಯ ಒಂಬತ್ತು ಜನ, ಕೇರಿಯಿಂದ ಬಂದ ಎಂಟು ರೋಗಿಗಳು. ಹಂಡೆಯ ನೀರು ಯಾರಿಗೆ ಸಿಗುತ್ತಿರಲಿಲ್ಲವೋ ಅವರೇ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

"ಬಾವಿ ಕೆಟ್ಟೇತೇನ್ರಿ ಹಂಗಾರ?" ಎಂದರು.

ಬಾವಿ ಕೆಟ್ಟಿರಲಿಲ್ಲ. ಡಾಕ್ಟರ ಮನೆಯವರೂ ಅದೇ ಬಾವಿಯಿಂದ ಸೇದಿ ಕುಡಿಯುತ್ತಿದ್ದರು, ಅಲ್ಲಿ ಯಾರಿಗೂ ಜ್ವರವಿರಲಿಲ್ಲ. ಜ್ವರ ಶುರುವಾದದ್ದು ನಳ ಮುಚ್ಚಿದ ಮೂರು ವಾರಕ್ಕೆ. ಬಾವಿಗೂ ಬಾಯಿಗೂ ನಡುವೆ ಹಂಡೆ ಇತ್ತು, ಮತ್ತು ಹಂಡೆಗೆ ಇಳಿಯುವ ಒಂದೇ ಒಂದು ಕೈ ಇತ್ತು. ಈ ರೋಗ ಒಮ್ಮೆ ಬಂದು ಹೋದ ಕೆಲವರ ಹೊಟ್ಟೆಯಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯಬಹುದು, ಅವರು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ ಎಂದು ಡಾಕ್ಟರು ಹೇಳುತ್ತಿದ್ದರು. ಹೇಳುತ್ತಲೇ ಕಾಗದದ ಮೇಲೆ ಬೆರಳು ಇಳಿಸಿ ಒಂದು ಕಡೆ ನಿಲ್ಲಿಸಿದರು.

"ಹಿಂದ ಈ ಜ್ವರ ಬಂದಿತ್ತೇನು ಅನ್ನೂ ಪ್ರಶ್ನೆ ಎಲ್ಲಾರದೂ ತುಂಬೇತಿ. ಕಸ್ತೂರೆವ್ವನವರದೊಂದು ಖಾಲಿ ಐತಿ ನೋಡು."

ಹಿಂದಿನ ದಸರೆ. ಇಪ್ಪತ್ತೊಂದು ದಿನ ಇಳಿಯದ ಜ್ವರ. ರಜೆ ಹಾಕಿ ದುಮ್ಮವಾಡದ ಮನೆಯಲ್ಲಿ ದೊಡ್ಡವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಶೀಲವ್ವ ಚಮಚದಿಂದ ಗಂಜಿ ಕುಡಿಸಿದ್ದಳು. ಆ ಜಾಗ ಖಾಲಿ ಉಳಿದದ್ದು ಮರೆವಿನಿಂದಲ್ಲ. ಶುಕ್ರವಾರ ಸಂಜೆ ವಹಿಯಲ್ಲಿ ಆ ಪ್ರಶ್ನೆಗೆ ಬಂದಾಗ ಅವಳ ಕೈ ತಾನಾಗಿಯೇ ಮುಂದಿನ ಸಾಲಿಗೆ ಹೋಗಿತ್ತು.

ಪರದೆಯ ಮೇಲೆ ಹಸಿರು ಚುಕ್ಕೆ ಮಿಣುಕುತ್ತಿತ್ತು. ಹೌದೆಂದರೆ ಒಂದು ಅಕ್ಷರ, ಇಲ್ಲವೆಂದರೆ ಇನ್ನೊಂದು. ಎರಡೂ ಬೆರಳಿಗೆ ಅಷ್ಟೇ ಹತ್ತಿರ. ಇಲ್ಲವೆಂದು ಒತ್ತಿದರೆ ದೊಡ್ಡವ್ವನ ಹೆಸರು ಉಳಿಯುತ್ತದೆ, ಹಂಡೆಯೂ ಉಳಿಯುತ್ತದೆ. ಕಿಟಕಿಯ ಆಚೆ ಸಣ್ಣವ್ವ ಒಣಗಿದ ಚಾದರಗಳನ್ನು ಮಡಿಸುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ, ಸೋಮವಾರ ಬಿಡಿಸುತ್ತಾರೆಂದು ಗೊತ್ತಿದ್ದೂ ಒಂದು ಸುಕ್ಕು ಉಳಿಯದ ಹಾಗೆ.

ಸುಶೀಲವ್ವ ಹೌದೆಂದು ಒತ್ತಿದಳು.

ಆಮೇಲೆ ಬೇರೆಯವರು ಹೇಳುವ ಮೊದಲು ತಾನೇ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಕಸ್ತೂರೆವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದಳು. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ಈ ಕೈಲೇ ನಿನ್ನ ಸಾಕೇನಿ. ಈ ಕೈಯಾಗ ಹೊಲಸ ಐತಿ ಅಂತ ಹೇಳತೈತೇನ ಆ ಮಶಿನ್?"

"ಅದು ಹೊಲಸ ಅನ್ನೂದಿಲ್ಲ ದೊಡ್ಡವ್ವ. ಎಣಸತೈತಿ, ಅಷ್ಟ."

"ನಾ ಯಾರಿಗೂ ಮುಟ್ಟಗೊಡಲಿಲ್ಲಲ್ಲ," ಎಂದಳು ಕಸ್ತೂರೆವ್ವ. ಒಂದು ಸಲ ಹೇಳಿ, ಇನ್ನೊಂದು ಸಲ ತನಗೇ ಹೇಳಿಕೊಳ್ಳುವಂತೆ ಸಣ್ಣ ಧ್ವನಿಯಲ್ಲಿ ಹೇಳಿದಳು. "ಯಾರಿಗೂ ಮುಟ್ಟಗೊಡಲಿಲ್ಲಲ್ಲ."

ಅವಳು ಕೈ ತೊಳೆದು ಅಡುಗೆಮನೆಯಿಂದ ಹೊರಗೆ ಬಂದಳು. ಯಾರೂ ಹೇಳುವ ಮೊದಲೇ ಹಂಡೆಯ ನೀರನ್ನು ಚೆಲ್ಲಿಸಿದಳು.

ಸೋಮವಾರದ ಕಮಿಟಿಯಲ್ಲಿ ಶಂಭುಲಿಂಗಪ್ಪ ಮಾತು ಉಳಿಸಿಕೊಂಡರು. ಮಶಿನ್ ಹೇಳಿದ್ದನ್ನು ಕೇಳುತ್ತೇನೆಂದಿದ್ದೆ, ಕೇಳಿದೆ ಎಂದು, ಸಣ್ಣವ್ವನನ್ನು ಬಿಡಿಸುವ ಠರಾವನ್ನು ಎಲ್ಲರ ಮುಂದೆ ಹೊಡೆದುಹಾಕಿದರು. ದಿನಗೂಲಿಯ ಒಂಬತ್ತೂ ಹೆಸರುಗಳನ್ನು ನೌಕರರ ಯಾದಿಯಲ್ಲಿ ಏರಿಸಲು ಹೇಳಿದರು. ಆಮೇಲೆ ಬೇವಿನ ಮರದವರೆಗೆ ತಾವೇ ಹೋದರು.

"ನಾಳಿಂದ ಕೆಲಸಕ್ಕ ಬಾ ಸಣ್ಣವ್ವ."

"ನಾ ಬರೂದು ಯಾವಾಗ ಬಿಟ್ಟೇನ್ರಿ ಸಾಹೇಬ್ರ?" ಎಂದಳು ಸಣ್ಣವ್ವ. ಕಾರ್ಯದರ್ಶಿಗಳು ಒಣಗಲು ಹಾಕಿದ್ದ ಚಾದರವೊಂದು ಗಾಳಿಗೆ ಜಾರಿದ್ದನ್ನು ಎತ್ತಿ ಹಗ್ಗದ ಮೇಲೆ ಹಾಕಿ ಬಂದರು.

ಹಂಡೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಬೆಣೆ ಕಿತ್ತು, ಹೊಸ ನಳ ಕೂರಿಸಿದರು. ಮೊದಲ ಲೋಟ ಹಿಡಿದುಕೊಂಡವನು ಗುಡದಪ್ಪ. ಕುಡಿದು, ಬೋರಿನ ನೀರೇ ರುಚಿ ಎಂದ. ಎಲ್ಲರೂ ನಕ್ಕರು.

ಮೀರಾಸಾಬ ಹುಬ್ಬಳ್ಳಿಗೆ ಒಯ್ದುಕೊಟ್ಟಿದ್ದ ಕಸ್ತೂರೆವ್ವನ ಮಲಪರೀಕ್ಷೆಯ ಫಲಿತಾಂಶ ಗುರುವಾರ ಬಂತು. ಲೆಕ್ಕ ತಪ್ಪಿರಲಿಲ್ಲ. ಔಷಧಿ ಇದೆ, ಕೆಲವು ವಾರ ತಗೊಳ್ಳಬೇಕು, ಮತ್ತೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅಡುಗೆಮನೆಗೆ ಮರಳಬಹುದು ಎಂದು ಡಾಕ್ಟರು ಕಸ್ತೂರೆವ್ವನ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದರು. ಅವಳು ಬೆರಳಿಗೆ ಬೆರಳು ಹೆಣೆದು ಕೇಳಿದಳು. ಆದರೆ ಸುದ್ದಿ ಅವರಿಗಿಂತ ಮೊದಲು ವಾರ್ಡು ಸುತ್ತಿ ಬಂದಿತ್ತು.

ಆ ಮಧ್ಯಾಹ್ನ ಸುಶೀಲವ್ವ ಕಂಪ್ಯೂಟರ್ ಕೋಣೆಯ ಕಿಟಕಿಯಿಂದ ನೋಡುತ್ತಿದ್ದಳು. ದೊಡ್ಡವ್ವ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಕಾಲು ಮುಟ್ಟುತ್ತಿದ್ದವರು ಈಗ ಸುತ್ತುಹಾಕಿ ಹೋಗುತ್ತಿದ್ದರು. ನರ್ಸೊಬ್ಬಳು ಗುಳಿಗೆಯನ್ನು ಕಟ್ಟೆಯ ತುದಿಗೆ ಇಟ್ಟು, ನೀರನ್ನು ಮೇಲಿನಿಂದ ಅವಳ ಬೊಗಸೆಗೆ ಸುರಿದಳು. ಅಷ್ಟು ಎತ್ತರದಿಂದ ಬಿದ್ದ ನೀರು ಸಿಡಿದು ಸೀರೆ ಒದ್ದೆಯಾಯಿತು. ಕಸ್ತೂರೆವ್ವ ಕುಡಿಯಲಿಲ್ಲ. ಬೆರಳ ಸಂದಿಯಿಂದ ನೀರು ಸೋರಿಹೋಗುವುದನ್ನೇ ನೋಡುತ್ತ ಕೂತಳು. ಊಟದ ಗಂಟೆ ಹೊಡೆಯಿತು. ಯಾವ ತಾಟಿನಲ್ಲಿ ಅವಳಿಗೆ ಬಡಿಸುವುದೆಂದು ಅಡುಗೆಮನೆಯಲ್ಲಿ ಪಿಸುಮಾತು ನಡೆದಿತ್ತು, ತಾಟು ಮಾತ್ರ ಹೊರಗೆ ಬರಲಿಲ್ಲ.

ಸುಶೀಲವ್ವ ತನ್ನ ಬುತ್ತಿ ಎತ್ತಿಕೊಂಡು ಬಾಗಿಲಿಗೆ ಬಂದವಳು ಅಲ್ಲಿಯೇ ನಿಂತಳು. ಸಣ್ಣವ್ವ ಬೋರಿನ ಹತ್ತಿರ ಸಾಬೂನು ಹಚ್ಚಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮರದ ಕಡೆ ನಡೆದಿದ್ದಳು. ಕಟ್ಟೆಯ ಮೇಲೆ ಕಸ್ತೂರೆವ್ವನ ಪಕ್ಕದಲ್ಲಿ ಕೂತು ಅರಿವೆಯ ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಝುಣಕ, ಒಂದಿಷ್ಟು ಶೇಂಗಾ ಹಿಂಡಿ.

ಸಣ್ಣವ್ವ ದಿನಾ ಒಡ್ಡುತ್ತಿದ್ದ ಹಾಗೆಯೇ ಕಸ್ತೂರೆವ್ವ ಸೆರಗು ಒಡ್ಡಿದಳು. ಸಣ್ಣವ್ವ ಆ ಸೆರಗನ್ನು ಮೆಲ್ಲಗೆ ಬದಿಗೆ ಸರಿಸಿ, ಅವಳ ಅಂಗೈ ಬಿಡಿಸಿ, ರೊಟ್ಟಿಯನ್ನು ಕೈಯಲ್ಲಿಯೇ ಇಟ್ಟಳು.